ಗಾಡಿಯೊಳಗೆ ಗೆರಟೆ ಕೆಂಡ ಬೇಡ, ಟೀಚರೇ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಯಜಮಾನರಿಗೆ ಅಡಿಕೆ ತೋಟ. ಎರಡು ವರ್ಷದ ಹಿಂದೆ ಹಳೆಯ ಟ್ರಾವೆಲರ್ ಗಾಡಿಯೊಂದನ್ನು ಕೊಂಡು ಕ್ಯಾರವಾನ್ ಮಾಡಿಸಿದೆವು. ಮಂಚ, ಸಣ್ಣ ಅಡುಗೆಕಟ್ಟೆ, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ, ಇನ್ವರ್ಟರ್ ಇವೆ. ಕಳೆದ ಡಿಸೆಂಬರಿನಲ್ಲಿ ಊಟಿಯ ಹತ್ತಿರ ಪರಿಚಯದವರ ಚಹಾ ತೋಟದಲ್ಲಿ, ಹಳ್ಳದ ಪಕ್ಕದ ಬಯಲಲ್ಲಿ, ಎರಡು ರಾತ್ರಿ ನಿಲ್ಲಿಸಿದ್ದೆವು. ಅಲ್ಲಿ ಕರೆಂಟ್ ಪಾಯಿಂಟ್ ಇರಲಿಲ್ಲ. ಚಳಿಗೆ ಕಣ್ಣು ಮುಚ್ಚಲಾಗಲಿಲ್ಲ. ಬೆಳಿಗ್ಗೆ ನೋಡಿದರೆ ಒಳಗೋಡೆಯ ತಗಡಿನಿಂದ ನೀರು ಇಳಿಯುತ್ತಿತ್ತು. ಈ ಸಲ ಯಜಮಾನರು "ತೆಂಗಿನ ಗೆರಟೆಯ ಇದ್ದಿಲಿನ ಕೆಂಡ ಒಳಗಿಟ್ಟರಾಯಿತು, ಅದರಲ್ಲಿ ಹೊಗೆಯೇ ಇಲ್ಲ" ಎನ್ನುತ್ತಾರೆ. ಮಗ ಇನ್ವರ್ಟರಿಗೆ ರೂಮ್ ಹೀಟರ್ ಹಾಕಿ ಎನ್ನುತ್ತಾನೆ. ಗ್ಯಾಸ್ ಹೀಟರ್, ಡೀಸೆಲ್ ಹೀಟರ್ ಬಗ್ಗೆಯೂ ಕೇಳಿದ್ದೇವೆ. ಯಾವುದು ಸರಿ? ಮುಂದೊಮ್ಮೆ ಲಡಾಖಿಗೂ ಹೋಗುವ ಆಸೆಯಿದೆ.

ಉತ್ತರ:

ನಿಮ್ಮೂರ ಕಡೆ ಟೀಚರ್ ಎಂದೇ ಕರೆಯುವುದು ವಾಡಿಕೆಯಂತೆ, ನಾನೂ ಹಾಗೇ ಕರೆಯುತ್ತೇನೆ. ಟೀಚರೇ, ಮೊದಲು ಯಜಮಾನರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಗೆರಟೆ ಕೆಂಡದಲ್ಲಿ ಹೊಗೆ ಇಲ್ಲ ಎಂದು ಅವರು ಹೇಳುವುದು ನಿಜ. ನಮ್ಮ ಹೊಸೂರಿನ ಕಡೆ ಚಿಪ್ಪಿನ ಇದ್ದಿಲು ಎನ್ನುತ್ತೇವೆ, ಇಸ್ತ್ರಿ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹೊಗೆ ಇಲ್ಲ ಎಂಬುದೇ ಅದರ ಅಪಾಯ. ಹಸಿ ಸೌದೆಯ ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ, ನಿಮ್ಮನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಕೆಂಪಗೆ ನಿಗಿನಿಗಿ ಹೊಳೆಯುವ ಕೆಂಡ ಬಿಡುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಒಮ್ಮೆ ಅಪ್ಪಿಕೊಂಡರೆ ಬೇಗ ಬಿಡುವುದೂ ಇಲ್ಲ. ಎಚ್ಚರವಿದ್ದವರಿಗೆ ತಲೆನೋವು, ಓಕರಿಕೆ, ಕಾಲಲ್ಲಿ ಶಕ್ತಿಯಿಲ್ಲದಂತೆ ಆಗುತ್ತದೆ. ಮಲಗಿದವರಿಗೆ ಅದೂ ತಿಳಿಯುವುದಿಲ್ಲ, ನಿದ್ದೆ ಗಾಢವಾಗುತ್ತಾ ಹೋಗುತ್ತದೆ. ಪ್ರತಿ ಚಳಿಗಾಲದಲ್ಲೂ ಪತ್ರಿಕೆಯ ಒಳಪುಟದಲ್ಲಿ ಇಂಥ ಸುದ್ದಿ ಓದುತ್ತಲೇ ಇರುತ್ತೇವೆ: ಬಾಗಿಲು ಹಾಕಿದ ಕೋಣೆ, ಮೂಲೆಯಲ್ಲಿ ಇದ್ದಿಲು, ಬೆಳಿಗ್ಗೆ ಯಾರೂ ಏಳಲಿಲ್ಲ. ನಿಮ್ಮ ಗಾಡಿ ಕೋಣೆಗಿಂತಲೂ ಸಣ್ಣದು.

"ಕಿಟಕಿ ಒಂದಿಷ್ಟು ತೆರೆದಿಟ್ಟರೆ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಕೆಂಡ ಎಷ್ಟು ವಿಷ ಬಿಡುತ್ತದೆ ಎಂಬುದು ಗಂಟೆಗಂಟೆಗೆ ಬದಲಾಗುತ್ತದೆ. ಮೇಲೆ ಬೂದಿ ಕಟ್ಟಿ ಗಾಳಿ ಸಾಲದೆ ಬಂದಾಗ ಹೆಚ್ಚೇ ಆಗುತ್ತದೆ. ಎಷ್ಟು ತೆರೆದರೆ ಸಾಕು ಎಂದು ಲೆಕ್ಕ ಹಾಕಲು ಬರುವುದಿಲ್ಲ. ಸಾಕಾಗುವಷ್ಟು ತೆರೆದರೆ ಚಳಿ ಮೊದಲಿನಷ್ಟೇ ಒಳಗೆ ಬಂತು, ಕೆಂಡ ಇಟ್ಟು ಪ್ರಯೋಜನವೇನು?

ನಾನು ಹದಿನೈದು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಕ್ಯಾರವಾನ್ ಮಾಡಿಸಲು ಬರುವವರಿಗೆಲ್ಲ ಹೇಳುವುದು ಒಂದೇ: ಬೆಂಕಿ ಗಾಡಿಯಲ್ಲಿರಲಿ, ಆದರೆ ಅದು ಉಸಿರು ಎಳೆದುಕೊಳ್ಳುವುದೂ ಬಿಡುವುದೂ ಹೊರಗೆ. ನೀವು ಉಸಿರಾಡುವ ಗಾಳಿಯನ್ನೇ ಅದೂ ಉಸಿರಾಡುವುದಾದರೆ ಆ ಬೆಂಕಿ ಮಲಗುವ ಹೊತ್ತಿಗೆ ಆರಿರಬೇಕು. ಅಂಗಡಿಯವನು ಏನೇ ಹೇಳಲಿ, ಯಾವ ಹೀಟರ್ ತೋರಿಸಿದರೂ ಈ ಒಂದು ಪ್ರಶ್ನೆ ಕೇಳಿ: ಇದರ ಹೊಗೆ ಎಲ್ಲಿಗೆ ಹೋಗುತ್ತದೆ?

ಈಗ ಮಗನ ಸಲಹೆ. ರೂಮ್ ಹೀಟರಿನಲ್ಲಿ ವಿಷವಿಲ್ಲ, ಒಪ್ಪಿದೆ. ಆದರೆ ಲೆಕ್ಕ ನೋಡಿ. 1000 ವ್ಯಾಟಿನ ಹೀಟರ್ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ, ಎಂಟು ಗಂಟೆಗೆ ಎಂಟು ಯೂನಿಟ್. ನಿಮ್ಮ ಬ್ಯಾಟರಿಯಲ್ಲಿರುವುದು 1.2 ಯೂನಿಟ್. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರ್ ತನ್ನ ಪಾಲು ಬೇರೆ ಕಡಿದುಕೊಳ್ಳುತ್ತದೆ. ಉಳಿಯುವುದು ಅರ್ಧ ಗಂಟೆಯ ಶಾಖ. ರಾತ್ರಿಯಿಡೀ ಬೇಕೆಂದರೆ ಇಂಥ ಹದಿನೈದು ಹದಿನಾರು ಬ್ಯಾಟರಿ ಹೊರಬೇಕು, ಅವುಗಳ ತೂಕವೇ ಅರ್ಧ ಟನ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬ್ಯಾಟರಿಗೆ ಹೇಳಿ ಮಾಡಿಸಿದಂತಿದೆ. ಇದೇ ಬ್ಯಾಟರಿಯಲ್ಲಿ 60–80 ವ್ಯಾಟಿನ ವಿದ್ಯುತ್ ಹೊದಿಕೆಯನ್ನು ಮಲಗುವ ಮೊದಲು ಒಂದು ಗಂಟೆ ಹಾಕಿದರೆ ಹಾಸಿಗೆ ಬೆಚ್ಚಗಾಗಿರುತ್ತದೆ, ಬ್ಯಾಟರಿಗೆ ಗೊತ್ತೂ ಆಗುವುದಿಲ್ಲ. ಗಾಳಿಯನ್ನು ಕಾಯಿಸುವುದಕ್ಕೂ ಮೈಯನ್ನು ಕಾಯಿಸುವುದಕ್ಕೂ ಇರುವ ವ್ಯತ್ಯಾಸ ಅದು.

ಎಂಜಿನ್ ಓಡಿಸಿಟ್ಟು ಮಲಗುತ್ತೇವೆ ಎನ್ನುವವರೂ ಇದ್ದಾರೆ. ಬೇಡ. ಡೀಸೆಲ್ ಹಾಳು, ಎಂಜಿನಿಗೂ ಒಳ್ಳೆಯದಲ್ಲ. ಹಿಂದೆ ಮಣ್ಣಿನ ದಿಬ್ಬವೋ ಗೋಡೆಯೋ ಇದ್ದರೆ ಸೈಲೆನ್ಸರಿನ ಹೊಗೆ ತಿರುಗಿ ಗಾಡಿಯ ಕೆಳಗೇ ಬರುತ್ತದೆ, ಹಳೆಯ ಗಾಡಿಯ ತಳದಲ್ಲಿ ತೂತುಗಳಿಗೇನು ಬರ.

ಗ್ಯಾಸ್ ಹೀಟರಿನಲ್ಲಿ ಎರಡು ಜಾತಿ. ಸಣ್ಣ ಸಿಲಿಂಡರಿಗೆ ಸಿಕ್ಕಿಸಿ ನೆಲದ ಮೇಲೆ ಇಡುವ, ಎದುರಿಗೆ ಜಾಲರಿ ಕೆಂಪಾಗುವ ಹೀಟರ್ ಒಂದು. ಅದು ಉರಿಯುವುದು ನಿಮ್ಮ ಗಾಳಿಯಲ್ಲೇ, ಬಿಡುವುದೂ ನಿಮ್ಮ ಕೋಣೆಗೇ. ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ವ್ಯವಸ್ಥೆ ಇದೆ ಎಂದು ಮಾರುತ್ತಾರೆ. ಆ ವ್ಯವಸ್ಥೆ ಎತ್ತರದಲ್ಲಿ ತಡವರಿಸುತ್ತದೆ. 7000 ಅಡಿಯ ಮೇಲೆ ಹೀಟರ್ ತಾನಾಗಿ ಆರಬಹುದು ಎಂದು ಕೆಲವು ತಯಾರಕರೇ ಬರೆಯುತ್ತಾರೆ. ಊಟಿ ಇರುವುದು ಸುಮಾರು 7350 ಅಡಿಯಲ್ಲಿ. ಇನ್ನೊಂದು ತಾಪತ್ರಯ ನೀರು. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ರಾತ್ರಿಯಿಡೀ ಒಂದೂವರೆ ಕಿಲೋವ್ಯಾಟಿನಲ್ಲಿ ಉರಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸೇ ಖರ್ಚು. ಅಂದರೆ ಒಂದೂವರೆ ಲೀಟರ್ ನೀರನ್ನು ನೀವೇ ಗಾಡಿಯೊಳಗೆ ಸುರಿದಂತೆ. ತಗಡಿನಿಂದ ನೀರು ಇಳಿಯುತ್ತಿತ್ತು ಎಂದಿರಲ್ಲ, ಅದು ಬರೀ ನಿಮ್ಮಿಬ್ಬರ ಉಸಿರಿನದ್ದು! ಎರಡನೆಯ ಜಾತಿಯದ್ದು ಹೊರಗಿನ ಗಾಳಿ ಎಳೆದು ಹೊರಕ್ಕೇ ಹೊಗೆ ಬಿಡುವ, ಗೋಡೆಗೆ ಕೂರಿಸುವ ಹೀಟರ್. ಅದು ಒಳ್ಳೆಯದೇ. ನಮ್ಮಲ್ಲಿ ಸಿಗುವುದೂ ರಿಪೇರಿ ಮಾಡುವವರು ಸಿಗುವುದೂ ಕಷ್ಟ, ಅಷ್ಟೆ.

ಉಳಿದದ್ದು ಡೀಸೆಲ್ ಹೀಟರ್. ನಿಮ್ಮ ಗಾಡಿಗೆ ನಾನು ಹೇಳುವುದು ಇದನ್ನೇ. ಎಬರ್‌ಸ್ಪ್ಯಾಚರ್, ವೆಬಾಸ್ಟೊ ಎಂಬ ಜರ್ಮನಿಯ ಹಳೆಯ ಹೆಸರುಗಳಿವೆ, ಅದೇ ಮಾದರಿಯ ಚೀನಾದ ಅಗ್ಗದ ಹೀಟರುಗಳೂ ರಾಶಿ ಇವೆ. ಕೆಲಸ ಮಾಡುವ ರೀತಿ ಒಂದೇ. ಒಂದು ಸಣ್ಣ ಪಂಪು ಟಿಕ್ ಟಿಕ್ ಎನ್ನುತ್ತಾ ಹನಿಹನಿಯಾಗಿ ಡೀಸೆಲ್ ಕೊಡುತ್ತದೆ, ಗ್ಲೋ ಪ್ಲಗ್ ಅದಕ್ಕೆ ಬೆಂಕಿ ಹಚ್ಚುತ್ತದೆ. ಉರಿಯುವ ಗೂಡು ಪೂರ್ತಿ ಮುಚ್ಚಿದ್ದು. ಗಾಡಿಯ ಅಡಿಯಿಂದ ಒಂದು ಕೊಳವೆಯಲ್ಲಿ ಗಾಳಿ ಎಳೆದು ಇನ್ನೊಂದರಲ್ಲಿ ಹೊಗೆಯನ್ನು ಅಡಿಯಲ್ಲೇ ಬಿಡುತ್ತದೆ. ಒಳಗಿನ ಗಾಳಿ ಆ ಗೂಡಿನ ಹೊರಮೈಯನ್ನು ಸವರಿಕೊಂಡು ಬಿಸಿಯಾಗಿ ಒಣಗಿ ಬರುತ್ತದೆ. ಎರಡೂ ಗಾಳಿ ಎಲ್ಲೂ ಕೂಡುವುದಿಲ್ಲ. 2 ಕಿಲೋವ್ಯಾಟಿನದು ಗಂಟೆಗೆ 100ರಿಂದ 250 ಮಿಲಿಲೀಟರ್ ಡೀಸೆಲ್ ಕುಡಿಯುತ್ತದೆ. ಸಣ್ಣ ಉರಿಯಲ್ಲಿ ಬಿಟ್ಟರೆ ರಾತ್ರಿಗೆ ಒಂದು, ಒಂದೂಕಾಲು ಲೀಟರ್. ಕರೆಂಟು ಹೊತ್ತಿಸುವಾಗ ಕೆಲವು ನಿಮಿಷ 8–10 ಆಂಪಿಯರ್, ಆಮೇಲೆ ಒಂದೆರಡು ಆಂಪಿಯರ್ ಮಾತ್ರ. ಒಂಬತ್ತು ಗಂಟೆಗೆ ಹದಿನೈದು ಇಪ್ಪತ್ತು ಆಂಪಿಯರ್-ಅವರ್ ಆದೀತು. ನಿಮ್ಮ ಬ್ಯಾಟರಿಗೆ ಅದು ಭಾರವಲ್ಲ.

5 ಕಿಲೋವ್ಯಾಟ್, 8 ಕಿಲೋವ್ಯಾಟ್ ಎಂದು ಡಬ್ಬದ ಮೇಲೆ ಬರೆದಿರುವುದಕ್ಕೆ ಮರುಳಾಗಬೇಡಿ. ನಿಮಗೆಷ್ಟು ಬೇಕು ನೋಡೋಣ. ಗಾಡಿಯ ಗೋಡೆ, ಸೂರು, ತಳ ಸೇರಿ 35 ಚದರ ಮೀಟರ್ ಎಂದಿಟ್ಟುಕೊಳ್ಳಿ. ಹೊರಗೆ 3 ಡಿಗ್ರಿ, ಒಳಗೆ ಮಲಗಲು 15 ಡಿಗ್ರಿ ಸಾಕು, ವ್ಯತ್ಯಾಸ 12. ಬರೀ ತಗಡಾದರೆ ಒಂದು ಡಿಗ್ರಿಗೆ ಪ್ರತಿ ಚದರ ಮೀಟರಿನಿಂದ ಐದೂವರೆ ವ್ಯಾಟ್ ಸೋರುತ್ತದೆ, ಒಟ್ಟು 2300 ವ್ಯಾಟ್. ತಗಡಿಗೆ ಒಂದಂಗುಲ ದಪ್ಪದ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿದರೆ ಅದೇ ಸೋರಿಕೆ 550 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಗಾಜು, ಸಂದುಗಳ ಗಾಳಿ ಸೇರಿಸಿದರೂ ಒಂದು ಕಿಲೋವ್ಯಾಟ್. ಅಂದರೆ ಹೀಟರಿಗೆ ಸುರಿಯುವ ಹಣದಲ್ಲಿ ಅರ್ಧವನ್ನು ಮೊದಲು ಗೋಡೆಗೆ ಸುರಿಯಿರಿ. ದೊಡ್ಡ ಹೀಟರ್ ತಂದರೆ ಅದು ಸದಾ ಸಣ್ಣ ಉರಿಯಲ್ಲೇ ಕುಂಟಬೇಕು. ಸಣ್ಣ ಉರಿಯಲ್ಲಿ ಡೀಸೆಲ್ ಪೂರ್ತಿ ಸುಡುವುದಿಲ್ಲ, ಗೂಡಿನಲ್ಲಿ ಮಸಿ ಕಟ್ಟುತ್ತದೆ. ಆರಿಸುವ ಮೊದಲು ಹತ್ತು ಹದಿನೈದು ನಿಮಿಷ ಜೋರಾಗಿ ಉರಿಸುವ ಅಭ್ಯಾಸ ಇಟ್ಟುಕೊಳ್ಳಿ.

ಮಸಿಯ ವಿಷಯಕ್ಕೆ ಬಂದೆವಲ್ಲ, ಸಮುದ್ರದಂಡೆಯವರಾದ ನಿಮಗೆ ಇದು ಮುಖ್ಯ. ಬದಿಯಡ್ಕದಲ್ಲಿ ಕೂರಿಸಿ, ಅಂಗಳದಲ್ಲೇ ಹಚ್ಚಿ ನೋಡಿ, ಸೊಗಸಾಗಿ ಉರಿಯಿತು ಎಂದು ಹೊರಟುಬಿಡುತ್ತೀರಿ. ಊಟಿ 2240 ಮೀಟರ್ ಎತ್ತರ. ಅಲ್ಲಿಯ ಗಾಳಿಯಲ್ಲಿ ನಿಮ್ಮೂರಿಗಿಂತ ಕಾಲುಭಾಗದಷ್ಟು ಆಮ್ಲಜನಕ ಕಡಿಮೆ. ಪಂಪು ಮಾತ್ರ ಅಷ್ಟೇ ಡೀಸೆಲ್ ಕೊಡುತ್ತಿರುತ್ತದೆ. ಅನ್ನ ಹೆಚ್ಚು, ಉಸಿರು ಕಡಿಮೆ: ಹೀಟರ್ ಕಪ್ಪು ಹೊಗೆ ಬಿಡುತ್ತದೆ, ನಾಲ್ಕು ರಾತ್ರಿಯಲ್ಲಿ ಮಸಿ ತುಂಬಿ ಹೊತ್ತುವುದನ್ನೇ ನಿಲ್ಲಿಸುತ್ತದೆ. ಸಾಮಾನ್ಯವಾಗಿ 1500 ಮೀಟರಿನವರೆಗೆ ಚಿಂತೆಯಿಲ್ಲ. ಅದರ ಮೇಲೆ ಎತ್ತರಕ್ಕೆ ತಕ್ಕಂತೆ ಡೀಸೆಲ್ ತಗ್ಗಿಸುವ ವ್ಯವಸ್ಥೆ ಇರಬೇಕು. ಒಳ್ಳೆಯ ಹೀಟರುಗಳಲ್ಲಿ ಅದಕ್ಕೆ ಸೆನ್ಸರ್ ಬರುತ್ತದೆ, ಅಗ್ಗದವುಗಳಲ್ಲಿ ಕೆಲವಕ್ಕೆ ಪಂಪಿನ ಬಡಿತವನ್ನು ಕೈಯಾರೆ ಇಳಿಸುವ ಸೆಟ್ಟಿಂಗ್ ಇರುತ್ತದೆ. ಕೊಳ್ಳುವಾಗ ಇದನ್ನು ಕೇಳಿ. ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟರೆ ಬೇರೆ ಅಂಗಡಿ ನೋಡಿ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ವೈರಿಂಗ್ ಕಲಿಸುವವನ ಸ್ವಂತ ಗಾಡಿಯಲ್ಲೇ ವೈರು ತೆಳು! ಮೊದಲ ಹೀಟರಿನ ಡಬ್ಬದಲ್ಲಿ ಬಂದಿದ್ದ ವೈರಿಗೆ ಮನೆಯಲ್ಲಿದ್ದ ಒಂದೂವರೆ ಚದರ ಎಂಎಂ ವೈರನ್ನೇ ಜೋಡಿಸಿ ಹಿಂದಿನ ಬ್ಯಾಟರಿವರೆಗೆ ಎಳೆದಿದ್ದೆ. ಸಂಜೆ ಚೆನ್ನಾಗಿ ಹೊತ್ತಿತು. ಕೋಟಗಿರಿಯ ಹತ್ತಿರ ಬೆಳಗಿನ ಜಾವ ಎರಡು ಗಂಟೆಗೆ ಸೆಕೆ ಎಂದು ಆರಿಸಿದವನು ನಾಲ್ಕಕ್ಕೆ ಮತ್ತೆ ಹಚ್ಚಲು ಹೋದರೆ ಫ್ಯಾನು ಗುರ್ ಎಂದು ನಿಂತಿತು, ತೆರೆಯ ಮೇಲೆ ವೋಲ್ಟೇಜ್ ಕಡಿಮೆ ಎಂಬ ಸೂಚನೆ. ಬ್ಯಾಟರಿಯಲ್ಲಿ ನೋಡಿದರೆ 12 ವೋಲ್ಟ್ ಇತ್ತು. ಹೊತ್ತಿಸುವಾಗಿನ 10 ಆಂಪಿಯರ್, ಹೋಗಿಬರುವ ದಾರಿ 12 ಮೀಟರ್, ವೈರಿನಲ್ಲೇ 1.4 ವೋಲ್ಟ್ ನುಂಗಿಹೋಗುತ್ತಿತ್ತು. ಹೀಟರಿಗೆ ತಲುಪುತ್ತಿದ್ದದ್ದು ಹತ್ತೂವರೆ. ಮನೆಯವಳು ಬೆಳಗಾಗುವವರೆಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆರು ಚದರ ಎಂಎಂ ವೈರು ಹಾಕಿದ ಮೇಲೆ ಆ ಸೋರಿಕೆ ಮೂರನೇ ಒಂದು ವೋಲ್ಟಿಗೆ ಇಳಿಯಿತು. ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಮತ್ತೊಂದು ಮಾತು: ಹೀಟರ್ ಆರಿಸಿದ ಮೇಲೂ ಕೆಲವು ನಿಮಿಷ ಫ್ಯಾನ್ ತಿರುಗಿ ಗೂಡನ್ನು ತಣಿಸುತ್ತದೆ. ಆ ಹೊತ್ತಿಗೆ ಮೇನ್ ಸ್ವಿಚ್ ಎಳೆದರೆ ಒಳಗಿನ ಭಾಗಗಳು ಬೆಂದುಹೋಗುತ್ತವೆ.

ಹೊಗೆ ಕೊಳವೆ ಗಾಡಿಯ ಅಂಚಿನಿಂದ ಹೊರಗೆ ಚಾಚಿರಲಿ, ಕಿಟಕಿಯ ಕೆಳಗೆ ಬೇಡ, ಗಾಳಿ ಎಳೆಯುವ ಕೊಳವೆಯ ಪಕ್ಕದಲ್ಲೂ ಬೇಡ. ತಳ ತೂತು ಮಾಡಿದ ಕಡೆ ಸಂದು ಪೂರ್ತಿ ಮುಚ್ಚಿಸಿ. ಆ ಕೊಳವೆ ಮುಟ್ಟಲಾಗದಷ್ಟು ಕಾಯುತ್ತದೆ. ನೀಲಗಿರಿಯಲ್ಲಿ ಜನವರಿ ದಾಟಿದರೆ ಹುಲ್ಲೆಲ್ಲ ಒಣಗಿರುತ್ತದೆ, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಹೀಟರ್ ಹಚ್ಚಬೇಡಿ. ಗಾಡಿಯ ಬದಲಾವಣೆಗಳು ಆರ್‌ಸಿಯಲ್ಲಿ ನಮೂದಾಗಿವೆಯೇ ಎಂದೂ ನೋಡಿಕೊಳ್ಳಿ; ಅನುಮತಿಯಿಲ್ಲದೆ ಗಾಡಿಯ ರೂಪ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಗಡಿ ಚೆಕ್‌ಪೋಸ್ಟಿನಲ್ಲಿ ನೆನಪಾಗುವುದು ಬೇಡ.

ಏನೇ ಹಾಕಿಸಿದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು. ಡೀಸೆಲ್ ಹೀಟರಿನ ಕೊಳವೆಯೂ ಒಂದು ದಿನ ಬಿರುಕು ಬಿಡಬಹುದು, ಪಕ್ಕದ ಗಾಡಿಯವನು ಜನರೇಟರ್ ಹಾಕಬಹುದು. ಇಎನ್ 50291-2 ಎಂದು ಬರೆದದ್ದನ್ನು ಕೊಳ್ಳಿ, ಅದು ಕ್ಯಾರವಾನು, ದೋಣಿಗಳಿಗೆಂದೇ ಮಾಡಿದ ಮಾನದಂಡ. ಆ ಮಾನದಂಡದಂತೆ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಮುಟ್ಟಿದರೆ ಮೂರು ನಿಮಿಷದೊಳಗೆ ಕೂಗಬೇಕು. ಈ ಅನಿಲ ಗಾಳಿಯಷ್ಟೇ ತೂಕದ್ದು, ಹಾಗಾಗಿ ಅಲಾರಂ ಮಲಗಿದವರ ತಲೆಯ ಮಟ್ಟದಲ್ಲಿರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ. ಎರಡನ್ನೂ ಒಂದೇ ಡಬ್ಬದಲ್ಲಿ ಮಾರುವವರು ಯಾವುದನ್ನು ಎಲ್ಲಿ ಕೂರಿಸಬೇಕೆಂದು ಹೇಳುವುದಿಲ್ಲ. ಅಲಾರಂ ಕೂಗಿದರೆ ಕಾರಣ ಹುಡುಕುತ್ತಾ ಕೂರಬೇಡಿ, ಇಬ್ಬರೂ ಹೊರಗೆ ಬನ್ನಿ, ತಲೆನೋವೋ ವಾಂತಿಯೋ ಇದ್ದರೆ 108ಕ್ಕೆ ಕರೆ ಮಾಡಿ.

ಇನ್ನು ಹೆಚ್ಚು ದುಡ್ಡು ಬೇಡದ ಉಪಾಯಗಳು. ಹೀಟರ್ ಹಾಕಿಸುವ ಮೊದಲೇ ಇವನ್ನು ಮಾಡಿದರೆ ನಿಮ್ಮ ಅರ್ಧ ಚಳಿ ಹೋಗುತ್ತದೆ.

ಮೊದಲನೆಯದು ಗಾಡಿ ನಿಲ್ಲಿಸುವ ಜಾಗ. ಕಳೆದ ಸಲ ಹಳ್ಳದ ಪಕ್ಕದ ಬಯಲಲ್ಲಿ ನಿಲ್ಲಿಸಿದಿರಿ, ನೋಡಲು ಚೆಂದ, ಮಲಗಲು ಅತಿ ಕೆಟ್ಟ ಜಾಗ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಊಟಿಯ ಸುತ್ತ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂರುವುದು ತಲೈಕುಂದಾ, ಕಾಂದಲ್, ಹಳೆಯ ಕುದುರೆ ರೇಸಿನ ಮೈದಾನದಂಥ ತಗ್ಗು ಬಯಲುಗಳಲ್ಲಿ. ಮೇಲಿನ ಇಳಿಜಾರಿನ ಚಹಾ ಗಿಡಗಳು ಅದೇ ರಾತ್ರಿ ಪಾರಾಗಿರುತ್ತವೆ. ತೋಟದವರನ್ನು ಕೇಳಿ, ಹಿಮಕ್ಕೆ ಗಿಡ ಸುಡುವ ತಾಕು ಯಾವುದು ಎಂದು ಅವರಿಗೆ ಬಾಯಿಪಾಠ. ಅದನ್ನು ಬಿಟ್ಟು ಇಳಿಜಾರಿನ ನಡುಮಟ್ಟದಲ್ಲಿ, ಪೂರ್ವಕ್ಕೆ ತೆರೆದ ಕಡೆ ನಿಲ್ಲಿಸಿ. ರಸ್ತೆ ಬದಿ, ಕಾಡಿನಂಚಿನಲ್ಲಿ ರಾತ್ರಿ ತಂಗುವ ಯೋಚನೆಯೇ ಬೇಡ. ಚಳಿಗಿಂತ ದೊಡ್ಡವರು ಅಲ್ಲಿ ಓಡಾಡುತ್ತಾರೆ. ಮೈಸೂರು ದಾರಿಯಾಗಿ ಬರುವುದಾದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ, ಹಗಲಲ್ಲೇ ಗೂಡಲೂರು ದಾಟಿಕೊಳ್ಳಿ. ನೀಲಗಿರಿಗೆ ಇ-ಪಾಸ್ ಕೂಡ ಮರೆಯಬೇಡಿ.

ಎರಡನೆಯದು ಗಾಜು. ಮುಂದಿನ ದೊಡ್ಡ ಗಾಜಿನಿಂದ ಶಾಖ ಬಹಳ ಸೋರುತ್ತದೆ. ಚಾಲಕನ ಸೀಟಿನ ಹಿಂದೆ ದಪ್ಪ ಪರದೆ ಕಟ್ಟಿ ಆ ಭಾಗವನ್ನೇ ಬೇರೆ ಮಾಡಿಬಿಡಿ. ಉಳಿದ ಕಿಟಕಿಗಳಿಗೆ ಬೆಳ್ಳಿ ಬಣ್ಣದ ಫೋಮ್ ಶೀಟನ್ನು ಅಳತೆಗೆ ಕತ್ತರಿಸಿ ಒತ್ತಿ ಕೂರಿಸಿ. ಹಾಗೆಂದು ಎಲ್ಲವನ್ನೂ ಗಾಳಿಯಾಡದಂತೆ ಬಿಗಿಯಬೇಡಿ. ಸೂರಿನ ಕಿಂಡಿ ಒಂದು ಬೆರಳಷ್ಟು, ಕೆಳಗಿನ ಕಿಂಡಿ ಒಂದು ಬೆರಳಷ್ಟು ತೆರೆದಿರಲಿ. ಇಬ್ಬರ ಉಸಿರಿನ ತೇವ ಹೋಗಲು ಅದೇ ದಾರಿ. ಚಳಿಯೆಂದು ಅದನ್ನು ಮುಚ್ಚಿದ್ದಕ್ಕೇ ತಗಡು ಬೆವೆತದ್ದು, ಒದ್ದೆ ಹೊದಿಕೆಯಲ್ಲಿ ಚಳಿ ಇಮ್ಮಡಿಯಾದದ್ದು.

ಮೂರನೆಯದು ಹಾಸಿಗೆಯ ಕೆಳಭಾಗ. ಎಲ್ಲರೂ ಮೇಲೆ ಕಂಬಳಿ ಪೇರಿಸುತ್ತಾರೆ, ಕೆಳಗಿನಿಂದ ಏರುವ ಚಳಿಯನ್ನು ಮರೆಯುತ್ತಾರೆ. ಮೈಭಾರಕ್ಕೆ ಹತ್ತಿ ಹಾಸಿಗೆ ಚಪ್ಪಟೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ನಿಮ್ಮೂರಲ್ಲಿ ತೆಂಗಿನ ನಾರಿಗೆ ಬರವೇ? ನಾರಿನ ಚಾಪೆ ಎರಡು ಪದರ, ಅದರ ಮೇಲೆ ಫೋಮ್ ಶೀಟು, ಆಮೇಲೆ ಹಾಸಿಗೆ. ನಾರಿನ ಸಂದಿನಲ್ಲಿ ಗಾಳಿಯಾಡಿ ಹಲಗೆ ಬೂಸ್ಟು ಹಿಡಿಯುವುದೂ ತಪ್ಪುತ್ತದೆ.

ನಾಲ್ಕನೆಯದು ನನ್ನ ಮೆಚ್ಚಿನದು, ಬಿಸಿನೀರಿನ ರಬ್ಬರ್ ಚೀಲ. ಎರಡು ಲೀಟರ್ ನೀರು 60 ಡಿಗ್ರಿಯಿಂದ 30ಕ್ಕೆ ತಣಿಯುವಾಗ ಬಿಡುವ ಶಾಖ ಸುಮಾರು 70 ವ್ಯಾಟ್-ಅವರ್. ಮಲಗಿದ ಮನುಷ್ಯನ ಮೈ ಒಂದು ಗಂಟೆಯಲ್ಲಿ ಬಿಡುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ಚೀಲವೆಂದರೆ ಹೊದಿಕೆಯೊಳಗೆ ಇನ್ನೊಬ್ಬರು ಒಂದು ಗಂಟೆ ಮಲಗಿದ ಲೆಕ್ಕ, ಗೊರಕೆಯಿಲ್ಲದೆ. ಅಷ್ಟು ನೀರು ಕಾಯಿಸಲು ಇಪ್ಪತ್ತು ಗ್ರಾಂ ಗ್ಯಾಸ್ ಸಾಕು. ಕಿಟಕಿ ತೆರೆದು ಕಾಯಿಸಿ, ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಆಮೇಲೆ ಮಲಗಿ. ಚೀಲಕ್ಕೆ ಬಟ್ಟೆ ಸುತ್ತುವುದನ್ನು ಮರೆಯಬೇಡಿ, ನಿದ್ದೆಯಲ್ಲಿ ಕಾಲು ಸುಟ್ಟದ್ದು ತಿಳಿಯುವುದಿಲ್ಲ.

ಲಡಾಖಿನ ಮಾತು ಬೇರೆಯೇ. ಲೇಹ್ 3500 ಮೀಟರ್, ಗಾಳಿ ನಿಮ್ಮೂರಿನ ಮೂರನೇ ಎರಡು ಭಾಗ. ಎತ್ತರದ ಸೆನ್ಸರ್ ಇಲ್ಲದ ಹೀಟರ್ ಅಲ್ಲಿ ಕೆಲಸಕ್ಕೆ ಬಾರದು. ನಮ್ಮ ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಪಾಲು ದೊಡ್ಡದು, ಅದು ಕೊರೆಯುವ ಚಳಿಯಲ್ಲಿ ಸರಿಯಾಗಿ ಆವಿಯಾಗುವುದಿಲ್ಲ, ಸಿಲಿಂಡರಿನಲ್ಲಿ ಗ್ಯಾಸ್ ಇದ್ದರೂ ಒಲೆ ಹೊತ್ತದೇ ಹೋಗಬಹುದು. ಊರಿನಿಂದ ತುಂಬಿಸಿಕೊಂಡ ಡೀಸೆಲ್ ಕೊರೆಯುವ ಚಳಿಯಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆಂದೇ 2019ರಿಂದ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಕೊಡುತ್ತಿದೆ, ಹೋದ ಮೇಲೆ ಅದನ್ನೇ ತುಂಬಿಸಿ. ಅಷ್ಟರಲ್ಲಿ ಲಿಥಿಯಂ ಬ್ಯಾಟರಿಗೆ ಬದಲಾಯಿಸಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಮೊದಲ ಸಲ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗಿಬನ್ನಿ, ಚಳಿಗಾಲದ್ದು ಆಮೇಲೆ ನೋಡೋಣ.

ಯಜಮಾನರು ಗೆರಟೆ ಇದ್ದಿಲನ್ನು ಹೇಗೂ ತರುತ್ತಾರೆ. ತರಲಿ. ಗಾಡಿಯಿಂದ ಹತ್ತು ಹೆಜ್ಜೆ ದೂರ, ಬಯಲಲ್ಲಿ, ತೋಟದವರನ್ನು ಕೇಳಿ ಹಚ್ಚಿಕೊಂಡು ಇಬ್ಬರೂ ಕೈ ಕಾಯಿಸಿಕೊಳ್ಳಿ, ಮೇಲೆ ಒಂದಿಷ್ಟು ಗೆಣಸು ಸುಟ್ಟುಕೊಳ್ಳಿ. ಮಲಗುವಾಗ "ಕೆಂಡ ಆರಿದೆ, ಇಬ್ಬನಿಗೆ ನೆನೆಯುತ್ತದೆ" ಎಂದು ಅಗ್ಗಿಷ್ಟಿಕೆಯನ್ನು ಒಳಗೆ ಎತ್ತಿಡಲು ಮಾತ್ರ ಬಿಡಬೇಡಿ. ಬೂದಿಯ ಅಡಿಯ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ. ನೀರು ಹೊಯ್ದು ಹೊರಗೇ ಬಿಡಿ.

ಹೀಟರ್ ಕೊಳ್ಳುವ ಮೊದಲು ಬ್ಯಾಟರಿಯಿಂದ ಹೀಟರ್ ಕೂರಿಸುವ ಜಾಗಕ್ಕೆ ಎಷ್ಟು ಅಡಿ ಎಂದು ಟೇಪಿನಲ್ಲಿ ಅಳೆದು ಬರೆದು ಕಳುಹಿಸಿ. ವೈರಿನ ದಪ್ಪ ನಾನು ಹೇಳುತ್ತೇನೆ.